ಮೇಲಿನ ವಚನವನ್ನೂ ಓದಿ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಕಾರ್ಡು ತೆಗೆಯುವ ರೂಢಿ ನಮ್ಮ ಸಭೆಯಲ್ಲೂ ಇದೆ. ಆ ವರ್ಷ ನಮ್ಮ ಮನೆಗೆ ಬಂದದ್ದು ವಿಮೋಚನಕಾಂಡ 15:26, ದೇವರೇ ವಾಸಿಮಾಡುವವನು ಎನ್ನುವ ವಚನ. ನಮ್ಮ ಯಜಮಾನರಿಗೆ ಮೊದಲೇ ಸಕ್ಕರೆ ಕಾಯಿಲೆ. ಸಾಲದ್ದಕ್ಕೆ ಎಡಗಾಲ ಹೆಬ್ಬೆರಳ ಬುಡದಲ್ಲಿ ಚಪ್ಪಲಿ ಕಚ್ಚಿದ ಗಾಯ. ಭಾವನವರು ಬಂದವರೇ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು, ಒಳಗಿದ್ದ ಇನ್ಸುಲಿನ್ ಇನ್ನು ಬೇಡ ಎಂದರು.

“ವಾಗ್ದಾನ ಹಿಡಕೊಂಡ ಮ್ಯಾಲೆ ಸೂಜಿ ಯಾಕವಾ? ಎರಡು ದೋಣ್ಯಾಗ ಕಾಲಿಡಬ್ಯಾಡ್ರಿ.”

ತಮ್ಮನಿಗೆ ಅಣ್ಣ ಹೇಳಿದ್ದೇ ಸರಿ. ಇನ್ಸುಲಿನ್ ನಿಲ್ಲಿಸುವುದು ಬೇಡ ಎಂದು ನಾನು ಜಗಳವಾಡಿದೆ, ಅವಿಶ್ವಾಸಿ ಅನ್ನಿಸಿಕೊಂಡೆ. ಭಾವನವರ ಅಂಗಿ ಕಿಸೆಯಲ್ಲಿ ಬಿಪಿ ಗುಳಿಗೆ ಸದಾ ಇರುತ್ತದೆ, ಆ ಮಾತು ಬೇರೆ.

ಎಣ್ಣೆ ಹಚ್ಚಿ ಪ್ರಾರ್ಥನೆ ನಡೆಯಿತು. ಗಾಯಕ್ಕೆ ಪಟ್ಟಿ ಕಟ್ಟಿ, ಬಿಚ್ಚಿ ನೋಡುವುದೂ ಸಂದೇಹವೇ ಎಂದು ಕಟ್ಟಪ್ಪಣೆಯಾಯಿತು. ಕೆಲವೇ ದಿನಗಳಲ್ಲಿ ಇವರು ನೋವೇ ಇಲ್ಲ ಎನ್ನತೊಡಗಿದರು. ಮನೆಕೂಟದಲ್ಲಿ ಎದ್ದು ನಿಂತು ಸಾಕ್ಷಿಯನ್ನೂ ಹೇಳಿದರು. ಎಲ್ಲರೂ ಹಲ್ಲೆಲೂಯ ಎಂದರು.

ಒಂದು ಬೆಳಗಿನ ಜಾವ ನೀರು ಕುಡಿಯಲು ಎದ್ದೆ. ಗೋಡೆಯಿಂದ ಇಳಿದ ಇರುವೆ ಸಾಲು ಮಂಚದ ಕಾಲು ಹತ್ತಿ ಇವರ ಪಟ್ಟಿಯೊಳಗೆ ಹೋಗುತ್ತಿತ್ತು. ಅಪ್ಪಣೆ ಗಿಪ್ಪಣೆ ಎಲ್ಲ ಮರೆತು ಬಿಚ್ಚಲು ಕೂತೆ. ಬಟ್ಟೆ ಗಾಯಕ್ಕೆ ಕಚ್ಚಿಕೊಂಡಿತ್ತು. ಉಗುರುಬೆಚ್ಚಗಿನ ನೀರು ಹಾಕಿ ನೆನೆಸಿ ಎಳೆಎಳೆಯಾಗಿ ಬಿಡಿಸಿದೆ. ಎಣ್ಣೆಯ ವಾಸನೆ ಹೋಗಿ ಅಟ್ಟದಲ್ಲಿ ಇಲಿ ಸತ್ತಂಥ ನಾತ ಎದ್ದಿತು. ಹೆಬ್ಬೆರಳು ಪೂರ್ತಿ ಕಪ್ಪಾಗಿತ್ತು, ಪಕ್ಕದ್ದು ನೀಲಿಗಟ್ಟಿತ್ತು. ಉಗುರಿನಿಂದ ಒತ್ತಿ, “ನೋವಾಗ್ತದೇನ್ರಿ?” ಎಂದೆ.

“ಏನೂ ಗೊತ್ತಾಗವಲ್ದು. ವಾಸಿ ಆಗೇತಿ, ಸುಮ್ನ ಮಲ್ಕೋ,” ಎಂದು ನಿದ್ದೆಗಣ್ಣಲ್ಲೇ ನಕ್ಕರು.

ಆ ನಗು ನೋಡಿ ನನ್ನ ಕೈಕಾಲು ತಣ್ಣಗಾದವು. ಆಟೋ ಕರೆಸಿ ಆಸ್ಪತ್ರೆಗೆ ಹೊರಟೆ, ಭಾವನವರಿಗೆ ಹೇಳಲಿಲ್ಲ. ಹೇಗೋ ತಿಳಿದು ಅವರೂ ಬಂದರು. ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕುವಾಗ, “ನಿನ್ನ ಅವಿಶ್ವಾಸದಿಂದ ನನ್ನ ತಮ್ಮನ ಕಾಲು ಹೊಕ್ಕೈತಿ ನೋಡು,” ಎಂದರು, ನರ್ಸುಗಳ ಎದುರಿಗೇ. ಡಾಕ್ಟರು ಅವರನ್ನೇ ಕರೆದು ಕೂರಿಸಿದರು. ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಪಾದದ ನರಗಳು ಸಾಯುತ್ತವೆ, ಆಗ ಗಾಯ ಕೊಳೆತರೂ ನೋವು ತಿಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ನಾವೆಲ್ಲ ಹಲ್ಲೆಲೂಯ ಎಂದದ್ದು ಇದಕ್ಕೇ! ಎರಡು ಬೆರಳು ಹೋದವು, ಪಾದ ಉಳಿಯಿತು.

ವಾರ್ಡಿನಲ್ಲಿ ಕೂತು ಆ ಅಧ್ಯಾಯ ತೆರೆದೆ. ಕಾರ್ಡಿನಲ್ಲಿದ್ದದ್ದು 26ನೇ ವಚನ. ಅದರ ಮೇಲಿನ 25ರಲ್ಲಿ ಏನಿದೆ? ಮಾರಾದಲ್ಲಿ ನೀರು ಕಹಿ ಎಂದು ಜನ ಗುಣುಗುಟ್ಟಿದಾಗ ದೇವರು ಮೋಶೆಗೆ ಒಂದು ಮರ ತೋರಿಸುತ್ತಾನೆ, ಅದನ್ನು ಹಾಕಿದ ಮೇಲೆ ನೀರು ಸಿಹಿಯಾಗುತ್ತದೆ. ವಾಸಿಮಾಡುವವನೇ ಮರವನ್ನೂ ತೋರಿಸಿದ. ಹಿಜ್ಕೀಯ ಅರಸನಿಗೆ 15 ವರ್ಷ ಹೆಚ್ಚಿನ ಆಯುಸ್ಸು ಕೊಡುವೆನೆಂಬ ವಾಗ್ದಾನ ತಂದ ಯೆಶಾಯನೇ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಲು ಹೇಳಿದ. ಪ್ರವಾದಿಗಿಂತ ನಮ್ಮ ಭಾವನವರ ವಿಶ್ವಾಸ ದೊಡ್ಡದಿರಬೇಕು! ವಚನ ಬಾಯಿಪಾಠ ಬರುತ್ತದೆ ಎನ್ನುವುದೂ ದೊಡ್ಡ ಮಾತಲ್ಲ. ದೇವಾಲಯದ ತುದಿಯಲ್ಲಿ ಯೇಸುವಿಗೆ ಧುಮುಕು ಎಂದ ಸೈತಾನನಿಗೂ 91ನೇ ಕೀರ್ತನೆ ಬರುತ್ತಿತ್ತು.

ವಾಗ್ದಾನದ ಮೇಲೆ ನನಗೆ ಭರವಸೆ ಹೋಗಿಲ್ಲ. ಇನ್ಸುಲಿನ್ ಚುಚ್ಚುವ ಮೊದಲು ಇಬ್ಬರೂ ಪ್ರಾರ್ಥಿಸುತ್ತೇವೆ, ಆಮೇಲೆ ಚುಚ್ಚುತ್ತೇವೆ. ಸಕ್ಕರೆ ಇರುವವರು ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಕನ್ನಡಿ ಹಿಡಿಯಿರಿ. ಔಷಧಿ ಬಿಡು ಎನ್ನುವವರ ಕಿಸೆ ಮೊದಲು ನೋಡಿ.

ತಮ್ಮ ಪ್ರಾರ್ಥನೆಯಿಂದ ಪಾದ ಉಳಿಯಿತೆಂದು ಭಾವನವರು ಸಭೆಯಲ್ಲಿ ಸಾಕ್ಷಿ ಹೇಳಿಯೂ ಆಯಿತು. ನನ್ನನ್ನು ಇನ್ನೂ ಯಾರೂ ಕರೆದಿಲ್ಲ. ಕರೆದರೆ 25ರಿಂದ ಶುರುಮಾಡುತ್ತೇನೆ.