ಕಟ್ಟುವ ಕೈಗಳಿಗೆ ಕಾವಲು ಯಾರು?



ನಮ್ಮ ಮೋಕದ ಸುತ್ತಮುತ್ತ ಭತ್ತ, ಮೆಣಸಿನಕಾಯಿ, ಹತ್ತಿ ಬೆಳೆಯುತ್ತಾರೆ. ಇದಕ್ಕೆ ತುಂಗಭದ್ರಾ ಅಣೆಕಟ್ಟು, ಅದರ ಕಾಲುವೆಗಳು ಬೇಕು. ಬೆಳೆದ ಮಾಲು ಬಳ್ಳಾರಿಗೆ ಹೋಗಬೇಕಾದರೆ ರಸ್ತೆ, ಸೇತುವೆ ಬೇಕು. ಇವಕ್ಕೆಲ್ಲ ಮೂಲಸೌಕರ್ಯ ಎಂದು ಹೆಸರು. ಇವುಗಳ ಉಪಯೋಗಗಳನ್ನು ನಾವು ಸಮಾಜ ಪಾಠದಲ್ಲಿ ಬಾಯಿಪಾಠ ಮಾಡಿದ್ದೇವೆ. ಇವನ್ನು ಕಟ್ಟುವವರ ಪ್ರಾಣ ಹೇಗೆ ಉಳೀತದೆ ಎಂಬುದನ್ನು ಮಾತ್ರ ಯಾರೂ ಕೇಳಲ್ಲ. ನಮ್ಮ ಕಡೆಯಿಂದ ಎಷ್ಟೋ ಅಣ್ಣಂದಿರು, ಚಿಕ್ಕಪ್ಪಂದಿರು ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ಆದ್ದರಿಂದ ಇದು ನಮ್ಮ ಮನೆಯ ವಿಷಯವೇ ಆಗಿದೆ.

ನಮ್ಮ ಅಣೆಕಟ್ಟು

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಹಾಕಿದರು. ಆಗ ನದಿಯ ಈ ಕಡೆ ಮದ್ರಾಸ್ ಪ್ರಾಂತ್ಯ, ಆ ಕಡೆ ಹೈದರಾಬಾದ್ ನಿಜಾಮರ ರಾಜ್ಯ. ಎರಡೂ ಸರ್ಕಾರಗಳು ಕೂಡಿ ಕಟ್ಟಿಸಿದವು. 1953ರಲ್ಲಿ ನೀರು ನಿಲ್ಲಿಸಿದರು. ಮದ್ರಾಸ್ ಕಡೆಯ ಮುಖ್ಯ ಎಂಜಿನಿಯರ್ ತಿರುಮಲೆ ಅಯ್ಯಂಗಾರ್ ಅವರ ಹೆಸರು ಇವತ್ತಿಗೂ ಜನರ ನೆನಪಿನಲ್ಲಿದೆ. ಕಲ್ಲು ಒಡೆದವರು, ಗಾರೆ ಕಲಸಿದವರು, ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಇವರ ಹೆಸರನ್ನು ನಾವು ಕಲಿತಿಲ್ಲ.

ಅಣೆಕಟ್ಟಿಗೆ 33 ಗೇಟುಗಳಿವೆ. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. 20 ಅಡಿ ಉದ್ದದ ಮೂರು ಕೋಣೆಗಳನ್ನು ಸಾಲಾಗಿ ಇಟ್ಟರೆ ಎಷ್ಟೋ ಅಷ್ಟು ಅಗಲ! 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ಅಣೆಕಟ್ಟು ತುಂಬಿತ್ತು. ನೀರು ಭೋರ್ಗರೆಯುತ್ತ ಹೊಳೆಗೆ ಹರಿಯಿತು. ರೈತರಿಗೆಲ್ಲ ಎದೆ ಧಸಕ್ ಎಂದಿತು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಹರಿಯುವ ನೀರಿನ ಮೇಲೆಯೇ ಕ್ರೇನಿನಿಂದ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ಹೊತ್ತಿಗೆ ನೀರು ತಡೆದರು. ಆ ತುಂಡುಗಳಿಗೆ ಸ್ಟಾಪ್‌ಲಾಗ್ ಎನ್ನುತ್ತಾರೆ. ಅಲ್ಲಿ ಕೆಲಸ ಮಾಡಿದವರ ಕಾಲು ಜಾರಿದ್ದರೆ ಗತಿ ಏನು? ನಮ್ಮ ಗದ್ದೆಯ ನೀರು ಉಳಿಸಲು ಅವರು ಅಲ್ಲಿ ನಿಂತಿದ್ದರು.

ಇನ್ನೊಂದು ನಮ್ಮ ಬಳ್ಳಾರಿ ತಾಲ್ಲೂಕಿನದೇ. ಪರಮದೇವನಹಳ್ಳಿ ಹತ್ತಿರ ಎಲ್.ಎಲ್.ಸಿ. ಕಾಲುವೆ ವೇದಾವತಿ ನದಿಯನ್ನು ಮೇಲಿನಿಂದ ದಾಟುತ್ತದೆ. ವೇದಾವತಿಗೆ ನಾವು ಹಗರಿ ಅಂತೀವಿ. ಕೆಳಗೆ ಹೊಳೆ, ಮೇಲೆ ಕಾಲುವೆ, ನಡುವೆ ಕಂಬಗಳು. ಇದಕ್ಕೆ ಮೇಲ್ಗಾಲುವೆ ಎನ್ನುತ್ತಾರೆ. 2022ರಲ್ಲಿ ಅದರ ಒಂದು ಕಂಬ ಕುಸಿದು ಕಾಲುವೆಗೆ ನೀರು ನಿಲ್ಲಿಸಬೇಕಾಯಿತು. ಆಗ ಸಚಿವರಾಗಿದ್ದ ಬಿ. ಶ್ರೀರಾಮುಲು ಅವರು ರಿಪೇರಿ ಮುಗಿಯಲಿ ಎಂದು ಅಲ್ಲೇ ರಾತ್ರಿ ಮಲಗಿದ್ದರು. ಬೆಳೆ ಒಣಗುವ ಹೊತ್ತಿನಲ್ಲಿ ಎಲ್ಲರಿಗೂ ಅವಸರ. ಇಂಥ ಅವಸರದಲ್ಲೇ ಕೆಲಸಗಾರರಿಗೆ ಅಪಾಯ ಹೆಚ್ಚು.

ಅಪಾಯ ಎಲ್ಲಿಂದ ಬರುತ್ತದೆ?

1. ಎತ್ತರದಿಂದ ಬೀಳುವುದು. ಸಾರುವೆಯ ಬೊಂಬು ಸಡಿಲ ಇದ್ದರೆ, ಹಲಗೆ ಕಟ್ಟದೆ ಸುಮ್ಮನೆ ಇಟ್ಟಿದ್ದರೆ ಮನುಷ್ಯ ಬೀಳುತ್ತಾನೆ. ಸೊಂಟಕ್ಕೆ, ಭುಜಕ್ಕೆ ಬೆಲ್ಟು ಹಾಕಿ ಅದರ ಕೊಕ್ಕೆಯನ್ನು ಗಟ್ಟಿ ಜಾಗಕ್ಕೆ ಸಿಕ್ಕಿಸಬೇಕು. ಬೆಲ್ಟು ಹಾಕಿ ಕೊಕ್ಕೆ ಸಿಕ್ಕಿಸದಿದ್ದರೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

2. ಮೇಲಿನಿಂದ ವಸ್ತು ಬೀಳುವುದು. 20 ಮೀಟರ್ ಎತ್ತರದಿಂದ ಬಿಟ್ಟ ಇಟ್ಟಿಗೆ ಸುಮಾರು 2 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್, ಅಂದರೆ ಓಡುವ ಬಸ್ಸಿನಷ್ಟು! 'ಏ ಸರಿಯೋ' ಎಂದು ಕೂಗುವುದರೊಳಗೆ ಬಿದ್ದಿರುತ್ತದೆ. ಅದಕ್ಕೇ ತಲೆಗೆ ಗಟ್ಟಿ ಟೊಪ್ಪಿಗೆ ಬೇಕು.

3. ಮಣ್ಣು ಕುಸಿಯುವುದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗಬಹುದು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಇದರಲ್ಲಿ ನೆಟ್ಟಗೆ ತೋಡಿದ ಗುಂಡಿ ಯಾವಾಗ ಕುಸಿದೀತು ಹೇಳಲಾಗದು. ಆಳು ಎದೆಯವರೆಗೆ ಹೂತರೂ ಉಸಿರಾಡಲು ಆಗುವುದಿಲ್ಲ. ಸುಮಾರು 5 ಅಡಿಗಿಂತ ಆಳ ತೋಡಿದರೆ ಪಕ್ಕಕ್ಕೆ ಹಲಗೆ ಕೊಟ್ಟು ಆಸರೆ ಮಾಡಬೇಕು, ಇಲ್ಲವೆ ಬದುವನ್ನು ಇಳಿಜಾರು ಮಾಡಬೇಕು. ತೋಡಿದ ಮಣ್ಣನ್ನು ಗುಂಡಿಯ ಅಂಚಿನಲ್ಲಿ ಗುಡ್ಡೆ ಹಾಕಬಾರದು.

4. ಸೆಂಟ್ರಿಂಗ್ ಬೇಗ ಬಿಚ್ಚುವುದು. ಕಾಂಕ್ರೀಟು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಇನ್ನೂ ಬಲ ಬಂದಿರುವುದಿಲ್ಲ. ಅದರ ಬಲವನ್ನು 28 ದಿನಕ್ಕೆ ಲೆಕ್ಕ ಹಿಡಿಯುತ್ತಾರೆ. ಸಣ್ಣ ಸ್ಲ್ಯಾಬಿನ ಕೆಳಗಿನ ಆಸರೆ ಕಂಬ ಕನಿಷ್ಠ 7 ದಿನ, ದೊಡ್ಡದಕ್ಕೆ 14 ದಿನ ಇರಬೇಕು.

5. ಯಂತ್ರಗಳು. ಕ್ರೇನ್ ಎತ್ತಿದ ಭಾರದ ಕೆಳಗೆ ನಿಲ್ಲಬಾರದು. ಹಿಂದೆ ಬರುವ ಲಾರಿ, ಜೆ.ಸಿ.ಬಿ.ಯ ಹಿಂದೆ ಮಲಗಬಾರದು, ಕೂತು ಉಣ್ಣಬಾರದು.

ಇವು ಬರೀ ಬರೆಯುವ ಮಾತಲ್ಲ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದಲ್ಲಿ ಮೆಟ್ರೋ ಕಂಬಕ್ಕೆ ನಿಲ್ಲಿಸಿದ್ದ ಕಬ್ಬಿಣದ ಸರಳುಗಳ ಚೌಕಟ್ಟು ರಸ್ತೆಗೆ ಬಿತ್ತು. ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಮಗು ತೀರಿಕೊಂಡರು. ಅವರು ಕೆಲಸಗಾರರೂ ಅಲ್ಲ. ಅಂದರೆ ಕೆಲಸದ ಸುರಕ್ಷತೆ ದಾರಿಹೋಕರಿಗೂ ಬೇಕು.

ಟೊಪ್ಪಿಗೆ ಮತ್ತು ಬಲೆಯ ಕಥೆ

ಅಮೆರಿಕದಲ್ಲಿ 1931ರಲ್ಲಿ ಹೂವರ್ ಅಣೆಕಟ್ಟಿನ ಕೆಲಸ ಶುರುವಾಯಿತು. ಬೆಟ್ಟದಿಂದ ಕಲ್ಲು ತಲೆಗೆ ಬೀಳುತ್ತಿದ್ದವು. ಕೆಲಸಗಾರರು ತಾವೇ ಒಂದು ಉಪಾಯ ಮಾಡಿದರು. ಬಟ್ಟೆಯ ಟೊಪ್ಪಿಗೆಯನ್ನು ಡಾಂಬರಿನಲ್ಲಿ ಅದ್ದಿ ಒಣಗಿಸಿದರು. ಅದು ಕಲ್ಲಿನಂತೆ ಗಟ್ಟಿಯಾಯಿತು. ಅದರಿಂದ ತಲೆ ಉಳಿದದ್ದನ್ನು ನೋಡಿ ಆಮೇಲೆ ಗುತ್ತಿಗೆದಾರರೇ ಗಟ್ಟಿ ಟೊಪ್ಪಿಗೆ ತರಿಸಿ ಕೊಟ್ಟರು.

ಅದೇ ದೇಶದ ಗೋಲ್ಡನ್ ಗೇಟ್ ಸೇತುವೆಯನ್ನು 1933ರಿಂದ 1937ರವರೆಗೆ ಕಟ್ಟಿದರು. ಕೆಳಗೆ ದೊಡ್ಡ ಬಲೆ ಕಟ್ಟಿದ್ದರು. ಬಿದ್ದ 19 ಜನ ಬಲೆಯಿಂದ ಬದುಕಿದರು. ಆದರೆ 1937ರ ಫೆಬ್ರವರಿಯಲ್ಲಿ ಭಾರವಾದ ಅಟ್ಟಣಿಗೆ ಕಳಚಿ ಬಿದ್ದು ಬಲೆಯೂ ಹರಿದು 10 ಜನ ಸತ್ತರು. ಆದ್ದರಿಂದ ಬಲೆ ಐತಿ ಎಂದು ಅಟ್ಟಣಿಗೆ ನೋಡದೆ ಇರಬಾರದು. ಮೊದಲು ಬೀಳದಂತೆ ನೋಡಬೇಕು, ಬಿದ್ದರೆ ಹಿಡಿಯಲು ಬಲೆ.

ತಪ್ಪು ಯಾರದು?

ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದ ನಮ್ಮ ಓಣಿಯ ಒಬ್ಬ ಮಾವನನ್ನು ಕೇಳಿದೆ. ಅವರು ಹೀಗೆ ಹೇಳಿದರು: "ಬೆಲ್ಟು ಹಾಕ್ಕೊಂಡ್ರೆ ಕೈ ಆಡಂಗಿಲ್ಲ ಅಂತ ಹುಡುಗ್ರು ಬಿಚ್ಚಿ ಇಡ್ತಾರ ನೋಡವ್ವ. ಅಡಿ ಲೆಕ್ಕದಾಗ ರೊಕ್ಕ ಕೊಟ್ರೆ ಇನ್ನೂ ಅವಸರ. ಕೆಲವು ಕಡೆ ಬೆಲ್ಟು ಕೊಡೋದೇ ಇಲ್ಲ. ಸಾಹೇಬ್ರು ನೋಡಾಕ ಬರೋ ದಿನ ಮಾತ್ರ ಟೊಪ್ಪಿಗಿ ಹಂಚ್ತಾರ."

'ಕೂಲಿಯವರು ಹುಷಾರಾಗಿರಬೇಕಿತ್ತು' ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಹುಷಾರು ಕೆಲಸಗಾರನಿಗೆ ಬೇಕು ನಿಜ. ಆದರೆ ಸಾರುವೆ ಗಟ್ಟಿ ಮಾಡಿಸುವುದು, ಗುಂಡಿಗೆ ಆಸರೆ ಕೊಡಿಸುವುದು, ಎಷ್ಟು ದಿನದಲ್ಲಿ ಮುಗಿಸಬೇಕೆಂದು ತೀರ್ಮಾನಿಸುವುದು ಇವು ಕೂಲಿಯವನ ಕೈಯಲ್ಲಿಲ್ಲ. ಅವು ಗುತ್ತಿಗೆದಾರನ ಕೈಯಲ್ಲಿವೆ. ಚೆನ್ನಾಗಿ ನಡೆಸುವ ಕಡೆ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ, ಇವತ್ತು ಏನು ಕೆಲಸ, ಏನು ಅಪಾಯ ಎಂದು ಅವರ ಭಾಷೆಯಲ್ಲಿಯೇ ಹೇಳುತ್ತಾರೆ. ನಮ್ಮ ಶಾಲೆಯ ಪ್ರಾರ್ಥನೆ ಇದ್ದ ಹಾಗೆ.

ಕಾನೂನು ಏನು ಹೇಳುತ್ತದೆ?

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಒಂದು ಕಾಯ್ದೆ ಬಂತು. ಅದರ ಜಾಗದಲ್ಲಿ 2020ರ ಹೊಸ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನಮ್ಮ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅದರಲ್ಲಿ ಹೆಸರು ನೋಂದಾಯಿಸಿ ಕಾರ್ಡು ಪಡೆಯಬಹುದು. ಅಪಘಾತವಾದರೆ ಮಂಡಳಿಯಿಂದ ನೆರವು ಸಿಗುತ್ತದೆ. ಕಾರ್ಡು ಇಲ್ಲದವನ ಮನೆಯವರು ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಇನ್ನೊಂದು ಮಾತು ನಮಗಾಗಿ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಯಾರಾದರೂ 'ರಜೆಯಲ್ಲಿ ಬೆಂಗಳೂರಿಗೆ ಬಾ, ರೊಕ್ಕ ಸಿಗತೈತಿ' ಎಂದು ಕರೆದರೆ ಮೊದಲು ಗುರುಗಳಿಗೆ ತಿಳಿಸಿರಿ. ಮಕ್ಕಳ ಸಹಾಯವಾಣಿ 1098.

ಮನೆಯಲ್ಲಿ ಕೇಳಲು ನಾಲ್ಕು ಪ್ರಶ್ನೆಗಳು

ನಿಮ್ಮ ಮನೆಯಿಂದ ಯಾರಾದರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರೆ ಇವನ್ನು ಕೇಳಿರಿ:

1. ಅಲ್ಲಿ ಟೊಪ್ಪಿಗೆ, ಬೆಲ್ಟು, ಬೂಟು ಕೊಡುತ್ತಾರೆಯೆ?
2. ಕಾರ್ಮಿಕ ಕಾರ್ಡು ಮಾಡಿಸಿದ್ದೀರಾ?
3. ಗುತ್ತಿಗೆದಾರನ ಹೆಸರು, ಫೋನ್ ನಂಬರು, ಕೆಲಸದ ಜಾಗದ ವಿಳಾಸ ಮನೆಯಲ್ಲಿ ಬರೆದಿಟ್ಟಿದ್ದೀರಾ?
4. ಪೆಟ್ಟಾದರೆ ಹತ್ತಿರದ ಆಸ್ಪತ್ರೆ ಯಾವುದು?

ಮೂರನೆಯದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲು ನಮ್ಮಂಥ ಮಕ್ಕಳೇ ಸಾಕು. ಇವತ್ತು ಸಂಜೆಯೇ ಬರೆದಿಡಿರಿ.

— 7ನೇ ತರಗತಿ ವಿದ್ಯಾರ್ಥಿನಿ, ಮೋಕ