ನೀರು ಹೊರುವ ಟ್ರ್ಯಾಕ್ಟರಿಗೆ ಯಾವ ನೀರು? – ಬೇಸಿಗೆಗೆ ಮುನ್ನ ರೇಡಿಯೇಟರ್ ತೊಳೆಯುವ ಕ್ರಮ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಭಾಗದ ಗ್ರಾಮಗಳಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಕೊಳವೆಬಾವಿ ಬತ್ತಿದಾಗ ಜನರು ಕಾಯುವುದು ಟ್ಯಾಂಕರನ್ನು. ಅದನ್ನು ಎಳೆಯುವ ಟ್ರ್ಯಾಕ್ಟರ್ ಪಂಚಾಯಿತಿಯದೇ ಇರಲಿ, ಬಾಡಿಗೆಯದೇ ಇರಲಿ, ಬಹುಪಾಲು ಹಳೆಯದಾಗಿರುತ್ತದೆ. ಎಂಜಿನ್ ಕಾದು ಆ ಟ್ರ್ಯಾಕ್ಟರ್ ನಡುದಾರಿಯಲ್ಲಿ ನಿಂತ ದಿನ ಒಂದು ಕೇರಿಗೆ ನೀರಿಲ್ಲ. ಮುಂದಿನ ಸಾಮಾನ್ಯ ಸಭೆಗೆ ದುರಸ್ತಿಯ ಬಿಲ್ಲು ಬರುತ್ತದೆ. ಹೆಡ್ ಗ್ಯಾಸ್ಕೆಟ್, ಲೈನರ್, ಪಿಸ್ಟನ್ ಎಂದು ಅದರಲ್ಲಿ ಬರೆದಿರುತ್ತದೆ. ಆಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ: ರೇಡಿಯೇಟರಿಗೆ ಇಷ್ಟು ದಿನ ಯಾವ ನೀರನ್ನು ತುಂಬಲಾಗುತ್ತಿತ್ತು?

ಸ್ನಾನದ ಹಂಡೆಯ ಒಳಗೆ ಬಿಳಿ ಚೆಕ್ಕೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾದಾಗ ಸುಣ್ಣದಂತೆ ಪದರಗಟ್ಟುತ್ತವೆ. ಎಂಜಿನ್ನಿನೊಳಗೂ ನಡೆಯುವುದು ಅದೇ. ಅತಿ ಹೆಚ್ಚು ಬಿಸಿಯಾಗುವ ಸಿಲಿಂಡರಿನ ಸುತ್ತಲೇ ಪದರ ಮೊದಲು ಕಟ್ಟುತ್ತದೆ. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಈ ಪದರವು ಶಾಖವನ್ನು ಹತ್ತಾರು ಪಟ್ಟು ಕಡಿಮೆ ಹರಿಯಗೊಡುತ್ತದೆ. ಆದುದರಿಂದ ರೇಡಿಯೇಟರ್ ತುಂಬಿದ್ದರೂ ಎಂಜಿನ್ ಕಾಯುತ್ತದೆ, ಚಾಲಕನಿಗೆ ಕಾರಣ ತಿಳಿಯುವುದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಟ್ಟು ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಇರಬೇಕು. ಬೇರೆ ಮೂಲವಿಲ್ಲದಲ್ಲಿ 600ರವರೆಗೆ ಒಪ್ಪಿಕೊಳ್ಳಬಹುದು. ಈ 600ರ ನೀರನ್ನೇ ಲೆಕ್ಕಕ್ಕೆ ಹಿಡಿಯೋಣ. ಆವಿಯಾಗಿ ಹೋದ ನೀರಿನ ಬದಲಿಗೆ ದಿನಕ್ಕೆ 2 ಲೀಟರಿನಂತೆ 100 ದಿನ ತುಂಬಿದರೆ 120 ಗ್ರಾಂ ಲವಣ ಎಂಜಿನ್ನಿನೊಳಗೆ ಸೇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಹೋಗುವುದಿಲ್ಲ. ಜನರು ಕುಡಿಯಲು ಒಪ್ಪಬಹುದಾದ ನೀರು ಎಂಜಿನ್ನಿಗೆ ಒಪ್ಪುವುದಿಲ್ಲವೆಂಬುದು ವಿಚಿತ್ರವಾದರೂ ನಿಜ. ಪಂಚಾಯಿತಿಯಲ್ಲಿರುವ ನೀರು ಪರೀಕ್ಷಾ ಕಿಟ್ಟಿನಿಂದಲೇ ಗಡಸುತನವನ್ನು ಅಳೆಯಬಹುದು.

ತೊಳೆಯುವ ಕೆಲಸಕ್ಕೆ ಫೆಬ್ರವರಿ ತಿಂಗಳು, ಕೊಟ್ಟೂರೇಶ್ವರನ ತೇರಿನ ಆಸುಪಾಸು, ಸೂಕ್ತ ಕಾಲ. ಟ್ಯಾಂಕರ್ ಓಡಾಟ ಇನ್ನೂ ಬಿರುಸಾಗಿರುವುದಿಲ್ಲ. ಹಳೆಯ ಐಷರ್ ಟ್ರ್ಯಾಕ್ಟರುಗಳ ಎಂಜಿನ್ ಗಾಳಿಯಿಂದ ತಣಿಯುವಂಥದು. ಅದರ ರೆಕ್ಕೆಗಳ ಧೂಳು ತೆಗೆದರೆ ಸಾಕು, ಮುಂದಿನ ಕ್ರಮ ಅದಕ್ಕೆ ಅನ್ವಯಿಸದು.

ಎಂಜಿನ್ ಪೂರ್ಣ ತಣ್ಣಗಾದ ಮೇಲೆಯೇ ಮುಚ್ಚಳ ತೆರೆಯಬೇಕು. ಬಿಸಿ ಎಂಜಿನ್ನಿನ ಮುಚ್ಚಳ ತಿರುಗಿಸಿದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರಿನ ತಳದ ನಲ್ಲಿಯನ್ನು ತೆರೆದರಷ್ಟೇ ಸಾಲದು. ಎಂಜಿನ್ ಬ್ಲಾಕಿನ ಪಕ್ಕದಲ್ಲಿ ಇನ್ನೊಂದು ಬಿರಡೆ ಇರುತ್ತದೆ, ಅದನ್ನೂ ಬಿಚ್ಚಬೇಕು. ಅನೇಕ ಕಡೆ ಬಿಟ್ಟುಹೋಗುವುದು ಇದೇ. ಕೆಸರೆಲ್ಲ ಬ್ಲಾಕಿನಲ್ಲಿಯೇ ಉಳಿಯುತ್ತದೆ. ಹೊರಬಂದ ದ್ರವವನ್ನು ತೊಟ್ಟಿಯಲ್ಲಿ ಹಿಡಿದು ನೋಡಬೇಕು. ಇಟ್ಟಿಗೆ ಬಣ್ಣವಿದ್ದರೆ ಒಳಗೆ ತುಕ್ಕು. ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಅನುಮಾನ, ಅದು ತೊಳೆಯುವುದರಿಂದ ಸರಿಹೋಗುವ ದೋಷವಲ್ಲ. ಕೂಲಂಟ್ ಬೆರೆತ ದ್ರವವನ್ನು ಚರಂಡಿಗೆ ಬಿಡಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ದನ, ನಾಯಿಗಳು ನೆಕ್ಕಿ ಸಾಯುತ್ತವೆ.

ಬಳಿಕ ಶುದ್ಧ ನೀರು ತುಂಬಿ, ಎಂಜಿನ್ ಚಾಲೂ ಮಾಡಿ, ಮೇಲಿನ ಹೋಸ್ ಪೈಪು ಬಿಸಿಯಾಗುವವರೆಗೆ ಓಡಿಸಬೇಕು. ಅದು ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ ತೆರೆದು ನೀರು ಪೂರ್ಣ ಸುತ್ತುತ್ತಿದೆಯೆಂದು ಅರ್ಥ. ನಿಲ್ಲಿಸಿ, ಕೈಗೆ ತಾಳುವಷ್ಟು ಆರಿದ ಮೇಲೆ ಕೆಸರು ತಳಕ್ಕಿಳಿಯುವ ಮುನ್ನ ಹೊರಬಿಡಬೇಕು. ತಿಳಿನೀರು ಬರುವವರೆಗೆ ಇದನ್ನೇ ಪುನರಾವರ್ತಿಸುವುದು. ಬಿಳಿ ಪದರ ಗಟ್ಟಿಯಾಗಿದ್ದರೆ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲವನ್ನು, ಲೀಟರಿಗೆ 50 ಗ್ರಾಂ ಮೀರದಂತೆ ಕರಗಿಸಿ ಇದೇ ರೀತಿ ಓಡಿಸಿ, ಆಮೇಲೆ ಸಾದಾ ನೀರಿನಿಂದ ಎರಡು ಮೂರು ಬಾರಿ ತೊಳೆಯಬೇಕು. ಜಿಡ್ಡಿಗೆ ಬಟ್ಟೆ ಸೋಡಾ ಬಳಸುವ ಹಳೆಯ ರೂಢಿ ತಪ್ಪಲ್ಲ. ಆದರೆ ಅಲ್ಯೂಮಿನಿಯಂ ರೇಡಿಯೇಟರಿಗೆ ಅದು ಸಲ್ಲದು, ಎರಡನ್ನೂ ಒಟ್ಟಿಗೆ ಹಾಕಿದರೆ ಒಂದನ್ನೊಂದು ನಿಷ್ಫಲಗೊಳಿಸುತ್ತವೆ. ಶೌಚಾಲಯ ತೊಳೆಯುವ ಆಸಿಡ್ಡನ್ನು ಯಾವ ಕಾರಣಕ್ಕೂ ಹಾಕಬಾರದು. ಅದು ಬೆಸುಗೆಯನ್ನೇ ತಿನ್ನುತ್ತದೆ.

ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತೊಳೆಯುವುದು ಕಟ್ಟಿಕೊಂಡ ಕೊಳವೆಗಳಿಗೆ ಉತ್ತಮ ಉಪಾಯ. ಒತ್ತಡ ಮಾತ್ರ ಮೃದುವಾಗಿರಬೇಕು. ವಾಟರ್ ಸರ್ವಿಸ್ ಪಂಪಿನ ರಭಸಕ್ಕೆ ಹಳೆಯ ಬೆಸುಗೆ ಬಿಟ್ಟುಕೊಳ್ಳುತ್ತದೆ. ಮೆಕ್ಕೆಜೋಳ, ಶೇಂಗಾ ಒಕ್ಕಣೆಯ ಹೊಟ್ಟು ಹೊರಗಿನ ಜಾಲರಿಯಲ್ಲಿ ತುಂಬಿದ್ದರೆ ಅದನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಊದಬೇಕು.

ಎಂಜಿನ್ ಕಾಯುತ್ತಿದೆಯೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಅಭ್ಯಾಸ ಈ ಭಾಗದಲ್ಲಿಯೂ ಇದೆ. ಆಗ ಎಂಜಿನ್ ತಕ್ಕಷ್ಟು ಬಿಸಿಯೇರದೆ ಡೀಸೆಲ್ ಹೆಚ್ಚು ಸುಡುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಅನುಮಾನವಿದ್ದರೆ ಅದನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ, ತೆರೆಯುವುದೋ ಇಲ್ಲವೋ ಎಂಬುದನ್ನು ಕಣ್ಣಾರೆ ನೋಡಿ, ಕೆಟ್ಟಿದ್ದರೆ ಹೊಸದನ್ನು ಹಾಕಿಸಬೇಕು.

ಮರಳಿ ತುಂಬುವ ನೀರಿನಲ್ಲಿಯೇ ಈ ಎಲ್ಲ ಶ್ರಮದ ಫಲವಿದೆ. ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಥವಾ ಶುಚಿಯಾಗಿ ಹಿಡಿದ ಮಳೆನೀರಿಗೆ ಕೈಪಿಡಿಯಲ್ಲಿ ಹೇಳಿದ ಪ್ರಮಾಣದ ಕೂಲಂಟ್ ಬೆರೆಸಿ, ಗಾಳಿ ಸಿಕ್ಕಿಕೊಳ್ಳದಂತೆ ನಿಧಾನವಾಗಿ ಸುರಿಯಬೇಕು. ಆ ಘಟಕದಿಂದ ಹೊರಹೋಗುವ ತ್ಯಾಜ್ಯ ನೀರನ್ನು ‘ಹೇಗೂ ವ್ಯರ್ಥವಾಗುತ್ತದೆ’ ಎಂದು ತುಂಬುವುದುಂಟು. ಘಟಕ ಬೇರ್ಪಡಿಸಿದ ಲವಣವೆಲ್ಲ ಆ ನೀರಿನಲ್ಲಿಯೇ ಇರುತ್ತದೆ. ಕೊಳವೆಬಾವಿಯ ನೀರಿಗಿಂತಲೂ ಅದು ಕೆಟ್ಟದ್ದು. ಕೆಲಸದ ದಿನದಲ್ಲಿ ನೀರು ಕಡಿಮೆಯಾದರೆ ಚಾಲಕನು ಎಂಜಿನ್ ಆರುವವರೆಗೆ ಕಾಯಬೇಕು. ಕಾದ ಬ್ಲಾಕಿಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ಟ್ಯಾಂಕರಿನ ನೀರು ಕೈಗೆಟಕುವಂತೆ ಹಿಂದೆಯೇ ಇರುವುದರಿಂದ ಅದನ್ನೇ ಹಾಕುವ ಮನಸ್ಸಾಗುವುದು ಸಹಜ. ಆದುದರಿಂದ ಘಟಕದ ನೀರು ತುಂಬಿದ ಒಂದು ಕ್ಯಾನನ್ನು ಟ್ರ್ಯಾಕ್ಟರಿನಲ್ಲಿ ಸದಾ ಇರಿಸತಕ್ಕದ್ದು. ತೊಳೆದ ದಿನಾಂಕ, ಬಳಸಿದ ನೀರಿನ ಮೂಲ, ಅದರ ಗಡಸುತನ ಇವುಗಳನ್ನು ವಾಹನದ ಲಾಗ್ ಪುಸ್ತಕದಲ್ಲಿ ನಮೂದಿಸಬೇಕು. ಬಾಡಿಗೆ ಟ್ಯಾಂಕರಿನ ಕರಾರಿನಲ್ಲಿಯೂ ಈ ಷರತ್ತನ್ನು ಸೇರಿಸಲು ಮಾರ್ಚ್ ತಿಂಗಳಿಗೆ ಮುನ್ನ ಸಭೆಯಲ್ಲಿ ನಿರ್ಣಯ ಕೈಗೊಳ್ಳಬಹುದು.