ಬಾಣಂತಿಯ ಕೋಣೆ: ಬಿಸುಪು ಇರಲಿ, ಹೊಗೆ ಬೇಡ

ವಾಯುಮಾಲಿನ್ಯವೆಂದೊಡನೆ ನಾವು ಮಹಾನಗರದ ವಾಹನಗಳನ್ನೂ ಕಾರ್ಖಾನೆಗಳನ್ನೂ ನೆನೆಯುತ್ತೇವೆ. ಆದರೆ ತಾಯಿ-ಮಕ್ಕಳನ್ನು ಮೊದಲು ಮುಟ್ಟುವ ಹೊಗೆ ಮನೆಯೊಳಗೇ ಹುಟ್ಟುತ್ತದೆ. ಕಟ್ಟಿಗೆ, ಕುಳ್ಳು ಉರಿಯುವ ಒಲೆ, ಬಾಣಂತಿಯ ಹೊರಸಿನಡಿಯ ಕೆಂಡದ ಅಗ್ಗಿಷ್ಟಿಕೆ, ಕೂಸಿಗೆ ಹಿಡಿಯುವ ಲೋಬಾನದ ಹೊಗೆ ಇವೆಲ್ಲ ಅದರ ಮೂಲಗಳು.

ಇದರಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು 2.5 ಮೈಕ್ರೋಮೀಟರಿಗಿಂತ ಕಿರಿದಾದ ಕಣಗಳು. ಇವು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲವು. ಇವುಗಳ ವಾರ್ಷಿಕ ಸರಾಸರಿಯು ಘನಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದೆ. ಕಟ್ಟಿಗೆಯ ಒಲೆ ಉರಿಯುವಾಗ ಅಡುಗೆಮನೆಯಲ್ಲಿ ಇದು ನೂರಾರು ಮೈಕ್ರೋಗ್ರಾಂಗೆ ಏರುತ್ತದೆ.

ಎರಡನೆಯದು ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್. ಇದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುವುದರಿಂದ ಗರ್ಭಸ್ಥ ಶಿಶುವಿಗೆ ಆಮ್ಲಜನಕ ಸಾಲದಾಗುತ್ತದೆ. ಹೊಗೆ ಸೇವಿಸುವ ಗರ್ಭಿಣಿಯರಲ್ಲಿ ಅವಧಿಪೂರ್ವ ಹೆರಿಗೆ ಹಾಗೂ 2.5 ಕಿಲೋಗಿಂತ ಕಡಿಮೆ ತೂಕದ ಶಿಶುಜನನದ ಸಂಭವ ಹೆಚ್ಚು. ಕೆಂಡದಲ್ಲಿ ಹೊಗೆ ಕಾಣದಿದ್ದರೂ ಈ ಅನಿಲ ಹೊಮ್ಮುತ್ತಲೇ ಇರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಿದ್ರೆಯಲ್ಲಿರುವಾಗಲೇ ಪ್ರಾಣಹಾನಿಯಾಗಬಹುದು.

ನವಜಾತ ಶಿಶು ನಿಮಿಷಕ್ಕೆ 40ರಿಂದ 60 ಬಾರಿ ಉಸಿರಾಡುತ್ತದೆ. ಇದು ದೊಡ್ಡವರ ಇಮ್ಮಡಿಗೂ ಹೆಚ್ಚು. ದೇಹದ ತೂಕಕ್ಕೆ ಹೋಲಿಸಿದರೆ ಅದು ಸೇವಿಸುವ ಹೊಗೆಯೂ ಅಷ್ಟೇ ಅಧಿಕ. ಒಲೆಯ ಹೊಗೆಯಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾದ ಸಂಭವ ಸುಮಾರು ಎರಡು ಪಟ್ಟಾಗುತ್ತದೆ.

ಬಾಣಂತಿಯೂ ಕೂಸೂ ಬೆಚ್ಚಗಿರಬೇಕೆಂಬ ಹಿರಿಯರ ಆಶಯ ಸರಿಯಾದುದೇ. ಆ ಬಿಸುಪನ್ನು ಹೊಗೆಯಿಲ್ಲದೆ ನೀಡುವ ದಾರಿಗಳಿವೆ:

• ಕೂಸನ್ನು ತಾಯಿಯ ಎದೆಗೆ ಮೈತಾಗುವಂತೆ ಅಪ್ಪಿಸಿ ಹೊದಿಸಬೇಕು. ಟೊಪ್ಪಿಗೆ, ಕಾಲುಚೀಲ ತೊಡಿಸಬೇಕು.
• ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ಇಡಬಾರದು. ಲೋಬಾನದ ಹೊಗೆ ಹಾಕಬಾರದು.
• ಗ್ಯಾಸ್ ಇದ್ದರೂ ಉಳಿತಾಯಕ್ಕೆಂದು ಕಟ್ಟಿಗೆ ಉರಿಸುವ ಮನೆಗಳು, ಗರ್ಭಿಣಿ-ಬಾಣಂತಿಯರಿರುವ ತಿಂಗಳುಗಳಲ್ಲಾದರೂ ಗ್ಯಾಸನ್ನೇ ಬಳಸಬೇಕು.
• ಕಟ್ಟಿಗೆ ಅನಿವಾರ್ಯವಾದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಂತಹ ಹೊಗೆಕೊಳವೆಯುಳ್ಳ ಒಲೆಯನ್ನು ಬಳಸಬೇಕು. ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು.

ಮಗು ಶಾಂತವಾಗಿರುವಾಗ ಒಂದು ನಿಮಿಷದ ಉಸಿರನ್ನು ಎಣಿಸೋಣ. ಎರಡು ತಿಂಗಳೊಳಗಿನ ಶಿಶುವಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಹೆಚ್ಚಿದ್ದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆ ಒಳಸರಿದರೆ, ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಒಲೆಯ ಮುಂದೆ ಕೂರುವವಳು ತಾಯಿಯಾದರೂ ಒಲೆಯನ್ನು ಬದಲಿಸುವ ನಿರ್ಧಾರ ಮನೆಯವರೆಲ್ಲರದು. ಈ ಹೊಣೆಯನ್ನು ನಾವೆಲ್ಲರೂ ಹೊರೋಣ.